ಬೆಲ್ಲನ ರೂಮಿಗೆ ಚಕ್ಕುಲಿ ಬಂದಳು: ಒಂದು ಅಡ್ಡಗೋಡೆಯ 43 ದಿನ

ಬೆಲ್ಲ ನಮ್ಮ ಮನೆಯ ಗಂಡು ಫೆರೆಟ್, ಉದ್ದ ಮೈಯ ಪುಟ್ಟ ಸಾಕುಪ್ರಾಣಿ. ವಯಸ್ಸು 5. ಬಣ್ಣ ಹೆಸರೇ ಹೇಳುತ್ತೆ. ಜೂನ್ ತಿಂಗಳಲ್ಲಿ ಅವನ ಜೊತೆಗಾತಿ ಕಾಫಿ ತೀರಿಕೊಂಡಳು. ಮೇದೋಜೀರಕದಲ್ಲಿ ಗಡ್ಡೆ ಆಗಿತ್ತು. ವಯಸ್ಸಾದ ಫೆರೆಟ್‌ಗಳಲ್ಲಿ ಇದು ಜಾಸ್ತಿ. ಅವಳು ಹೋದಮೇಲೆ ಬೆಲ್ಲ ಊಟದ ಬಟ್ಟಲಿನ ತನಕ ಹೋಗಿ, ಮೂಸಿ, ವಾಪಸ್ ಬರುತ್ತಿದ್ದ. ಅವಳು ಮಲಗುತ್ತಿದ್ದ ಬಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಈ ಮೂಲೆಯಿಂದ ಆ ಮೂಲೆಗೆ ಎಳೆಯುತ್ತಿದ್ದ. 1.6 ಕಿಲೋ ಇದ್ದವನು ಎರಡು ತಿಂಗಳಲ್ಲಿ 1.4ಕ್ಕೆ ಇಳಿದ. ಇನ್ನೊಂದು ಜೀವ ಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಅನ್ನಿಸಿತು.

ನಾವಿರೋದು ಇಂಗ್ಲೆಂಡಿನ ಬಾರ್ನ್ಸ್‌ಲಿಯಲ್ಲಿ. ಕಲ್ಲಿದ್ದಲು ಗಣಿಗಳಿದ್ದ ಊರು. ಈ ಕಡೆ ಫೆರೆಟ್ ಸಾಕೋದು ಹೊಸದೇನಲ್ಲ. ಪಕ್ಕದ ಮನೆಯ ಅಜ್ಜ ಗಣಿ ಕೆಲಸದಲ್ಲಿದ್ದಾಗ ಮೊಲದ ಬೇಟೆಗೆ, ಬಿಲದೊಳಗೆ ಬಿಡೋಕೆ ಅಂತ ಸಾಕಿದ್ದರಂತೆ. ಗಂಡಿಗೆ ಹಾಬ್, ಹೆಣ್ಣಿಗೆ ಜಿಲ್ ಅನ್ನೋದು ನಾನು ಕಲಿತಿದ್ದು ಅವರಿಂದಲೇ.

ಸಕಲೇಶಪುರದಲ್ಲಿರೋ ಅಮ್ಮನಿಗೆ ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ಬೆಲ್ಲನನ್ನು ತೋರಿಸಿದಾಗ "ಅದೇನೇ ಅದು, ಮುಂಗುಸಿನಾ?" ಅಂದಿದ್ದರು. ನೋಡೋಕೆ ಹಾಗೇ ಕಾಣುತ್ತೆ, ನಿಜ. ಆದರೆ ಮುಂಗುಸಿಯ ಕುಟುಂಬವೇ ಬೇರೆ. ಫೆರೆಟ್ ನಮ್ಮ ನೀರುನಾಯಿಯ ಕಡೆಯ ನೆಂಟ. ಯುರೋಪಿನ ಪೋಲ್‌ಕ್ಯಾಟ್ ಅನ್ನೋ ಕಾಡುಪ್ರಾಣಿಯನ್ನು ಸುಮಾರು 2000 ವರ್ಷದ ಹಿಂದೆಯೇ ಪಳಗಿಸಿ ಮಾಡಿಕೊಂಡ ಸಾಕುಪ್ರಾಣಿ ಇದು. ಈ ಪೋಲ್‌ಕ್ಯಾಟ್ ಕಾಡಲ್ಲಿ ಒಂಟಿಯಾಗಿ ಬದುಕುತ್ತೆ. ತನ್ನ ಜಾಗಕ್ಕೆ ಇನ್ನೊಂದು ಬಂದರೆ ಓಡಿಸುತ್ತೆ. ಸಾಕಿದ ಫೆರೆಟ್‌ಗೆ ಜೊತೆ ಬೇಕು, ಗೊಂಚಲು ಗೊಂಚಲಾಗಿ ಮಲಗೋದು ಇಷ್ಟ. ಆದರೂ ಹೊಸ ವಾಸನೆ ಬಂದ ತಕ್ಷಣ ಆ ಹಳೇ ರಕ್ತ ಎದ್ದು ಕೂರುತ್ತೆ. ಹೊಸಬರನ್ನು ತಂದು ಸೀದಾ ಒಳಗೆ ಬಿಟ್ಟರೆ ಕಚ್ಚಾಟ ಆಗೋದು ಇದಕ್ಕೇ.

ಈ ಮಾತು ಹೇಳಿದಾಗ ಅಮ್ಮ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ಹೊಸ ಕೋಳಿ ತಂದಾಗ ಸೀದಾ ಗೂಡಿಗೆ ಬಿಡ್ತಿದ್ವೇನೆ? ಎಂಟು ದಿನ ಅಂಗಳದಲ್ಲಿ ಬುಟ್ಟಿ ಮುಚ್ಚಿ ಇಡ್ತಿರ್ಲಿಲ್ವಾ? ಹಳೇವು ಸುತ್ತಾ ತಿರುಗಿ ತಿರುಗಿ ಅವಕ್ಕೇ ಸಾಕಾಗ್ಬೇಕು ಕಣೆ" ಅಂದರು. ಅಡ್ಡಗೋಡೆ ಕಟ್ಟೋಣ ಅಂತ ನಾನು ತೀರ್ಮಾನ ಮಾಡಿದ್ದು ಆ ಬುಟ್ಟಿಯ ನೆನಪಿನಲ್ಲೇ.

ದಿನ 1ರಿಂದ 14: ಬೇರೆ ರೂಮು

ಅಕ್ಟೋಬರ್ ಮೊದಲ ಶನಿವಾರ ಹೊಸಬಳನ್ನು ಕರೆತಂದೆವು. ಯಾರೋ ಬಿಟ್ಟುಹೋದ ಫೆರೆಟ್‌ಗಳನ್ನು ನೋಡಿಕೊಳ್ಳೋ ಒಂದು ಆಶ್ರಯದಿಂದ. ಹೆಣ್ಣು, ಸುಮಾರು 2 ವರ್ಷ, 750 ಗ್ರಾಂ. ಬೆಲ್ಲನ ಅರ್ಧ ಅಷ್ಟೇ. ಬಂದ ದಿನ ಪೆಟ್ಟಿಗೆಯ ಮೂಲೆಯಲ್ಲಿ ಸುತ್ತು ಸುತ್ತಿಕೊಂಡು, ಬಾಲದ ತುದಿ ಮೂಗಿಗೆ ತಾಗಿಸಿ ಮಲಗಿದ್ದಳು. ಮಗಳು ನೋಡಿ "ಅಮ್ಮಾ, ಚಕ್ಕುಲಿ!" ಅಂದಳು. ಹೆಸರು ಅದೇ ಆಯಿತು.

14 ದಿನ ಅವಳು ಮೇಲಿನ ಮಲಗೋ ರೂಮಿನಲ್ಲಿ, ಬೆಲ್ಲ ಕೆಳಗೆ ತನ್ನ ರೂಮಿನಲ್ಲಿ. ಈ ಎರಡು ವಾರವನ್ನು ದಯವಿಟ್ಟು ಬಿಡಬೇಡಿ. ಫೆರೆಟ್‌ಗಳಿಗೆ ಒಂದು ಕರುಳಿನ ಕಾಯಿಲೆ ಬರುತ್ತೆ. ಕೊರೋನಾ ಜಾತಿಯ ವೈರಸ್‌ನದು, ಹಸಿರು ಲೋಳೆ ಲೋಳೆ ಭೇದಿ ಆಗುತ್ತೆ. ಎಳೇ ಫೆರೆಟ್ ಅದನ್ನು ಹೊತ್ತುಕೊಂಡೂ ಚೆನ್ನಾಗಿಯೇ ಇರಬಹುದು. ಅದೇ ವೈರಸ್ ವಯಸ್ಸಾದವನಿಗೆ ತಗುಲಿದರೆ ನೆಲ ಹಿಡಿಸಿಬಿಡುತ್ತೆ. ಅಲ್ಯೂಷಿಯನ್ ಅನ್ನೋ ಇನ್ನೊಂದು ರೋಗ ಇದೆ, ಅದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ರಕ್ತ ಪರೀಕ್ಷೆ ಮಾಡಿಸಿ, ಇಲ್ಲ ಅಂತ ರಿಪೋರ್ಟ್ ಬಂದಮೇಲೇ ಮುಂದಿನ ಹೆಜ್ಜೆ ಇಟ್ಟೆ. ನಾಯಿಗಳಿಗೂ ಬರೋ ಡಿಸ್ಟೆಂಪರ್ ಅನ್ನೋ ವೈರಸ್ ರೋಗದ ಲಸಿಕೆ ಇಬ್ಬರಿಗೂ ಆಗಿತ್ತು. ಆ ರೋಗ ಬಂದ ಫೆರೆಟ್ ಬದುಕುವುದು ತೀರಾ ಅಪರೂಪ.

ಆಶ್ರಯದವರ ಹತ್ತಿರ ಇನ್ನೊಂದು ವಿಷಯ ಕೇಳಿದೆ, ಬೆದೆಯದ್ದು. ಹೆಣ್ಣು ಫೆರೆಟ್ ಬೆದೆಗೆ ಬಂದರೆ, ಗಂಡು ಸಿಗದಿದ್ದರೆ, ಅದು ತಾನಾಗೇ ಇಳಿಯೋದಿಲ್ಲ. ವಾರಗಟ್ಟಲೆ ಹಾರ್ಮೋನು ಏರಿಕೊಂಡೇ ಇದ್ದು ರಕ್ತ ಉತ್ಪತ್ತಿಯೇ ನಿಂತು ಸಾಯಬಹುದು. ಚಕ್ಕುಲಿಗೆ ಭುಜದ ಮಧ್ಯೆ ಚರ್ಮದ ಕೆಳಗೆ ಡೆಸ್ಲೊರೆಲಿನ್ ಇಂಪ್ಲಾಂಟ್, ಅಂದರೆ ಬೆದೆ ತಡೆಯೋ ಔಷಧಿಯ ಸಣ್ಣ ತುಂಡು, ಹಾಕಿದ್ದರು. ಬೆಲ್ಲನಿಗೆ ಮುಂಚೆಯೇ ಬೀಜ ತೆಗೆಯೋ ಆಪರೇಷನ್ ಆಗಿತ್ತು. ಗಂಡು ಬೆದೆಯಲ್ಲಿದ್ದರೆ ಈ ಕೆಳಗೆ ಬರೆದ ಯಾವುದೂ ನಡೆಯುತ್ತಿರಲಿಲ್ಲ, ಅವನು ಹೆಣ್ಣಿನ ಕತ್ತು ಹಿಡಿದು ಎಳೆದಾಡಿ ಗಾಯ ಮಾಡುತ್ತಿದ್ದ.

ಮೊದಲು ಬೆಲ್ಲನ ಕೆಲಸ, ಆಮೇಲೆ ಚಕ್ಕುಲಿಯ ಕೆಲಸ. ಮಧ್ಯದಲ್ಲಿ ಕೈ ತೊಳೆದು ಅಂಗಿ ಬದಲಾಯಿಸೋದು. ಆ ವಾರ ಮಗಳಿಗೆ ನೆಗಡಿ ಜ್ವರ. ಎರಡು ರೂಮಿಗೂ ಅವಳನ್ನು ಬಿಡಲಿಲ್ಲ, ಅದಕ್ಕೆ ತುಂಬಾ ಬೇಜಾರು ಮಾಡಿಕೊಂಡಳು. ಆದರೆ ನಮ್ಮ ಫ್ಲೂ ಫೆರೆಟ್‌ಗೆ ನೇರವಾಗಿ ಅಂಟುತ್ತೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ ಅನ್ನು ಮೊದಲ ಸಲ ಬೇರ್ಪಡಿಸಿದ್ದೇ ಫೆರೆಟ್‌ಗಳಿಗೆ ಅದನ್ನು ಅಂಟಿಸಿ.

ದಿನ 10, 11: ಗೋಡೆ, ಮೊದಲ ಸಲ

ಕಾಯುವ ಹೊತ್ತಲ್ಲೇ ಗೋಡೆ ಕಟ್ಟಿದೆ. ಬೆಲ್ಲನ ರೂಮು 2.7 ಮೀಟರ್ ಉದ್ದ, 2.1 ಅಗಲ. ಅಗಲಕ್ಕೆ ಅಡ್ಡಲಾಗಿ 90 ಸೆಂಟಿಮೀಟರ್ ಎತ್ತರದ ಚೌಕಟ್ಟು. 25 × 50 ಮಿಲಿಮೀಟರ್‌ನ ಪೈನ್ ಪಟ್ಟಿ ತಂದೆ. ಗೆದ್ದಲು, ಬೂಷ್ಟಿನ ಔಷಧಿ ಹೊಡೆದ ಪಟ್ಟಿ ಅಗ್ಗಕ್ಕೆ ಸಿಗುತ್ತೆ, ಅದು ಬೇಡ. ಇವು ಹಲ್ಲು ಹಾಕದೆ ಬಿಡೋಲ್ಲ. ಚೌಕಟ್ಟಿಗೆ 13 ಮಿಲಿಮೀಟರ್ ಕಣ್ಣಿನ ಬೆಸುಗೆ ಜಾಲರಿ. ಪ್ಲಾಸ್ಟಿಕ್ ಬಲೆ ಒಂದು ರಾತ್ರಿಗೂ ಸಾಲದು.

ನಿಧಾನ ಆಗಿದ್ದು ಗೋಡೆಯ ಬುಡದಲ್ಲಿ. ಇಲ್ಲಿನ ಮನೆಗಳಲ್ಲಿ ಗೋಡೆಯ ಕೆಳಗೆ ಸುತ್ತಲೂ ಮರದ ಪಟ್ಟಿ ಇರುತ್ತೆ. ಅದು ಉಬ್ಬಿಕೊಂಡಿರೋದರಿಂದ ಚೌಕಟ್ಟು ಗೋಡೆಗೆ ಅಂಟೋದಿಲ್ಲ, 20 ಮಿಲಿಮೀಟರ್ ಸಂದು ಉಳಿಯುತ್ತೆ. ಫೆರೆಟ್‌ನ ತಲೆ ತೂರಿದರೆ ಮೈ ತೂರಿದ ಹಾಗೇ. ತಲೆ ತೂರದಿದ್ದರೂ ತೂರಿಸೋಕೆ ರಾತ್ರಿಯಿಡೀ ಕೆರೆಯುತ್ತೆ. ಆ ಪಟ್ಟಿಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ನೋಡಿ, ಸರಿ ಕೂತಮೇಲೆ ಅದೇ ಅಳತೆಗೆ ಮರ ಕೊಯ್ದು ಸ್ಕ್ರೂ ಹಾಕಿದೆ. ಇವರು "ಫೋಮ್ ಹೊಡೆದರೆ ಐದು ನಿಮಿಷದ ಕೆಲಸ ಅಲ್ವಾ" ಅಂದರು. ಬೇಡ ಅಂದೆ. ಫೋಮ್, ಸಿಲಿಕಾನ್, ರಬ್ಬರ್, ಸ್ಪಂಜು ಇವನ್ನು ಕಂಡರೆ ಫೆರೆಟ್‌ಗೆ ಬಿಡಲಾರದ ಆಸೆ. ಚೂರು ನುಂಗಿದರೆ ಕರುಳು ಕಟ್ಟಿಕೊಳ್ಳುತ್ತೆ. ಆಮೇಲೆ ಆಪರೇಷನ್ನೇ ದಾರಿ.

ಜಾಲರಿಯನ್ನು ಮೊದಲು ಪಿನ್ ಗನ್ನಿನಿಂದ ಹೊಡೆದೆ. ಎರಡು ಕಡೆ ಕೈಯಲ್ಲಿ ಎಳೆದರೇ ಕಿತ್ತುಬಂತು. ಎಲ್ಲಾ ತೆಗೆದು, ಪ್ರತಿ 10 ಸೆಂಟಿಮೀಟರ್‌ಗೆ ಒಂದು ಸ್ಕ್ರೂ, ಅಗಲ ವಾಷರ್ ಹಾಕಿ ಬಿಗಿದೆ. ಕತ್ತರಿಸಿದ ತಂತಿಯ ತುದಿ ಸೂಜಿಯ ಹಾಗಿರುತ್ತೆ, ಅದರ ಮೇಲೆ ತೆಳು ಮರದ ಪಟ್ಟಿ ಕೂರಿಸಿದೆ. ಮಧ್ಯದಲ್ಲಿ 40 × 60 ಸೆಂಟಿಮೀಟರ್‌ನ ಒಂದು ಕಿಂಡಿ ಬಾಗಿಲು. ಅದಕ್ಕೆ ಚಿಲಕ ಎರಡು, ಮೇಲೊಂದು ಕೆಳಗೊಂದು. ಮೇಲೆ ಮಾತ್ರ ಹಾಕಿದರೆ ಬುಡದಲ್ಲಿ ಮೂಗು ತೂರಿಸಿ ಎತ್ತಿಬಿಡುತ್ತವೆ. ಸಾಮಾನಿಗೆ ಒಟ್ಟು 40 ಪೌಂಡ್ ಆಸುಪಾಸು ಆಯಿತು.

ಚೆನ್ನಾಗಿ ಕಟ್ಟಿದ್ದೇನೆ ಅಂತ ಖುಷಿಯಾಗಿತ್ತು. ಎರಡು ದೊಡ್ಡ ತಪ್ಪು ಅದರಲ್ಲೇ ಕೂತಿದ್ದವು.

ದಿನ 15, 16: ಬಟ್ಟೆ ಅದಲು ಬದಲು

ಇಬ್ಬರನ್ನೂ ಒಬ್ಬರಿಗೊಬ್ಬರು ತೋರಿಸೋ ಮೊದಲು ವಾಸನೆ ತಲುಪಿಸಿದೆ. ಫೆರೆಟ್‌ನ ಕಣ್ಣು ಅಷ್ಟಕ್ಕಷ್ಟೇ, ಅದರ ಲೋಕ ಇರೋದು ಮೂಗಿನಲ್ಲಿ. ಚಕ್ಕುಲಿ ಒಂದು ವಾರ ಮಲಗಿದ ಬಟ್ಟೆಯನ್ನು ಬೆಲ್ಲನ ರೂಮಿನ ನಡುವೆ ಇಟ್ಟು ನಾನು ಗೋಡೆಗೆ ಒರಗಿ ಕೂತೆ.

ಬೆಲ್ಲ ಬಂದ. ಒಂದು ಅಡಿ ದೂರದಲ್ಲೇ ಮೂಗು ಎತ್ತಿ ನಿಂತ. ಬಾಲದ ಕೂದಲು ಬುಡದಿಂದ ತುದಿಯವರೆಗೆ ನಿಗುರಿ ಬಾಟಲಿ ತೊಳೆಯೋ ಬ್ರಷ್ ಆಯಿತು. ಹತ್ತಿರ ಬಂದು ಒಂದು ಅಂಚನ್ನು ಮೂಸಿದ, ಹಿಂದೆ ಹಾರಿದ, ಮತ್ತೆ ಬಂದ. ಹತ್ತು ನಿಮಿಷ ಆದಮೇಲೆ ಆ ಬಟ್ಟೆಯ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋದ. ರಾತ್ರಿ ಅದನ್ನು ಎಳೆದು ಬಾಗಿಲ ಹತ್ತಿರ, ತನ್ನ ಕಕ್ಕಸಿನ ಟ್ರೇ ಪಕ್ಕ ಬಿಸಾಕಿದ್ದ. ಅಂದರೆ ಇನ್ನೂ ಒಪ್ಪಿಲ್ಲ. ಆಗಲಿ, ಅವಸರ ಇಲ್ಲ. ಎರಡು ದಿನ ಬಟ್ಟೆ ಬದಲಾಯಿಸುತ್ತಲೇ ಇದ್ದೆ.

ಇಬ್ಬರಿಗೂ ಒಂದೇ ಶಾಂಪೂವಿನಲ್ಲಿ ಸ್ನಾನ ಮಾಡಿಸಿ ವಾಸನೆ ಸಮ ಮಾಡಿ ಅಂತ ಹೇಳೋರಿದ್ದಾರೆ. ನಾನು ಮಾಡಲಿಲ್ಲ. ಸ್ನಾನ ಮಾಡಿಸಿದರೆ ಚರ್ಮದ ಎಣ್ಣೆ ಹೋಗುತ್ತೆ, ಅದನ್ನು ತುಂಬಿಸಿಕೊಳ್ಳೋಕೆ ಮೈ ಇನ್ನಷ್ಟು ವಾಸನೆ ಬಿಡುತ್ತೆ. ಅವಳ ನಿಜವಾದ ವಾಸನೆಯನ್ನೇ ಅವನು ಕಲಿಯಲಿ ಅನ್ನೋದು ನನ್ನ ಆಸೆ.

ದಿನ 17, 18: ಗೋಡೆ ಸೋತಿತು

ಚಕ್ಕುಲಿಯನ್ನು ಕಿಟಕಿ ಕಡೆಯ ಅರ್ಧಕ್ಕೆ ತಂದೆ. ಅರ್ಧ ಗಂಟೆ ಮೂಸಾಟ. ಆಮೇಲೆ ಅವಳು ಜಾಲರಿಗೆ ಉಗುರು ಹಾಕಿ ಏಣಿ ಹತ್ತಿದ ಹಾಗೆ ಹತ್ತಿದಳು. ಫೆರೆಟ್‌ಗೆ ಹತ್ತೋದು ಬರುತ್ತೆ, ಇಳಿಯೋದು ಬರೋದಿಲ್ಲ. ಮೇಲಿನ ಪಟ್ಟಿಯ ತನಕ ಹೋಗಿ ಕೈ ಬಿಟ್ಟಳು. ನಾನು ಅಲ್ಲೇ ಇದ್ದೆ, ಮಡಿಲಲ್ಲಿ ಹಿಡಿದೆ. ಇಲ್ಲದಿದ್ದರೆ ಬೆನ್ನು ನೆಲಕ್ಕೆ ಬಡಿಯುತ್ತಿತ್ತು. ಅದು ಮೊದಲ ತಪ್ಪು: ಮೇಲಿನಿಂದ ಕೆಳಗೆ ಪೂರ್ತಿ ಜಾಲರಿ ಹಾಕಿದ್ದೆ.

ಎರಡನೆಯದು ಮರುದಿನ ಬೆಳಿಗ್ಗೆ. ಬೆಲ್ಲ ಜಾಲರಿಗೆ ಮುಂಗಾಲು ಊರಿ ನಿಂತಿದ್ದ. 13 ಮಿಲಿಮೀಟರ್ ಕಣ್ಣಿನಲ್ಲಿ ಮೂತಿ ತೂರಲ್ಲ, ಬೆರಳು ತೂರುತ್ತೆ. ಆ ಕಡೆಯಿಂದ ಚಕ್ಕುಲಿ ಅವನ ಬೆರಳಿಗೆ ಹಲ್ಲು ಹಾಕಿದಳು. ಅವನ ಕಿರುಚು ಕೇಳಿ ನಾನು ಅಡುಗೆಮನೆಯಿಂದ ಓಡಿದೆ. ಉಗುರು ಬುಡದಿಂದ ಎದ್ದು ರಕ್ತ ಸುರಿಯುತ್ತಿತ್ತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂಳೆಗೆ ಏನೂ ಆಗಿರಲಿಲ್ಲ, ನೋವಿಗೆ ಔಷಧಿ ಕೊಟ್ಟರು. ವಾಪಸ್ ಬರುವಾಗ ಬೆಲ್ಲ ನನ್ನ ಸ್ವೆಟರ್ ಒಳಗೆ ಮುಖ ಇಟ್ಟುಕೊಂಡು ಮಲಗಿದ್ದ. ಚಕ್ಕುಲಿಯ ಮೇಲೆ ನನಗೆ ಒಂದಿಷ್ಟೂ ಕೋಪ ಬರಲಿಲ್ಲ. ಹೆದರಿದ ಪ್ರಾಣಿಯ ಮುಂದೆ ದೊಡ್ಡ ಪ್ರಾಣಿಯ ಬೆರಳು ಬಂದಿತ್ತು. ಆ ಬೆರಳು ಅಲ್ಲಿ ಬರೋ ಹಾಗೆ ಗೋಡೆ ಕಟ್ಟಿದ್ದು ನಾನು.

ಚಕ್ಕುಲಿ ಮತ್ತೆ ಮೇಲಿನ ರೂಮಿಗೆ. ಅವತ್ತು ರಾತ್ರಿ ಹನ್ನೊಂದೂವರೆ ತನಕ ಗೋಡೆಯ ಕೆಲಸ.

ದಿನ 18 ರಾತ್ರಿ: ಗೋಡೆ, ಎರಡನೇ ಸಲ

ಜಾಲರಿಯನ್ನು ಪೂರ್ತಿ ಬಿಚ್ಚಿದೆ. ಚೌಕಟ್ಟಿಗೆ 6 ಮಿಲಿಮೀಟರ್ ಪ್ಲೈವುಡ್ ಹೊಡೆದು, ನೆಲಮಟ್ಟದಲ್ಲಿ ಮಾತ್ರ 60 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರದ ಒಂದು ಕಿಟಕಿ ಬಿಟ್ಟೆ. ಮೇಲೆಲ್ಲ ನುಣುಪು ಹಲಗೆ, ಉಗುರು ನಿಲ್ಲೋಕೆ ಜಾಗವೇ ಇಲ್ಲ. ಆ ಕಿಟಕಿಗೆ ಎರಡು ಪದರ ಜಾಲರಿ, ಚೌಕಟ್ಟಿನ ಆ ಮುಖಕ್ಕೊಂದು ಈ ಮುಖಕ್ಕೊಂದು. ನಡುವೆ ಪಟ್ಟಿಯ ದಪ್ಪ 50 ಮಿಲಿಮೀಟರ್ ಖಾಲಿ. ವಾಸನೆ ದಾಟುತ್ತೆ, ಸದ್ದು ದಾಟುತ್ತೆ, ನೋಟ ದಾಟುತ್ತೆ. ಬೆರಳೂ ಹಲ್ಲೂ ದಾಟೋದಿಲ್ಲ. ನೀವು ಇದನ್ನು ಕಟ್ಟೋದಾದರೆ ಮೊದಲ ಸಲವೇ ಹೀಗೆ ಕಟ್ಟಿ.

ಪಕ್ಕದ ಮನೆಯ ಅಜ್ಜ ಮರುದಿನ ಬಂದು ನೋಡಿ, ತಮ್ಮ ಶೆಡ್ಡಿನಿಂದ 110 ಮಿಲಿಮೀಟರ್‌ನ ಚರಂಡಿ ಪೈಪ್ ಎರಡು ತುಂಡು ಕೊಟ್ಟರು, ಓಡಾಡೋಕೆ ಸುರಂಗ. ಒಂದು ಮಾತು ಒತ್ತಿ ಹೇಳಿದರು: ಒಂದು ತುದಿ ಮುಚ್ಚಿದ ಸುರಂಗ ಯಾವತ್ತೂ ಇಡಬೇಡ. ಚಿಕ್ಕದು ಅದರೊಳಗೆ ಹೋಗಿ ಸಿಕ್ಕಿಕೊಂಡರೆ ದೊಡ್ಡದು ಬಾಯಿಗೆ ಅಡ್ಡ ನಿಂತುಬಿಡುತ್ತೆ. ಎರಡೂ ತುದಿ ತೆರೆದೇ ಇರಬೇಕು.

ದಿನ 20ರಿಂದ 25: ಮೊಟ್ಟೆಯ ಹಳದಿ

ಬೆಲ್ಲನ ಬೆರಳು ಒಣಗಿತು. ಚಕ್ಕುಲಿ ಮತ್ತೆ ಕಿಟಕಿ ಕಡೆಯ ಅರ್ಧಕ್ಕೆ ಬಂದಳು. ಈ ಸಲ ದಿನಾ ಸಂಜೆ ಒಂದೇ ಹೊತ್ತಿಗೆ, ಜಾಲರಿ ಕಿಟಕಿಯ ಎರಡೂ ಕಡೆ ಒಂದೊಂದು ಚಮಚ ಮೊಟ್ಟೆಯ ಹಳದಿ. ಮೊದಲ ದಿನ ಕಿಟಕಿಯಿಂದ ಒಂದು ಮೀಟರ್ ದೂರ. ಆಮೇಲೆ ದಿನಾ ಒಂದು ಗೇಣು ಹತ್ತಿರ. ಆ ಇನ್ನೊಬ್ಬರ ವಾಸನೆ ಬಂದಾಗಲೆಲ್ಲ ರುಚಿಯಾದ್ದು ಸಿಗುತ್ತೆ ಅಂತ ಇಬ್ಬರ ತಲೆಯಲ್ಲೂ ಕೂರಬೇಕು. ಮಾಂಸದ ತುಂಡನ್ನು ಮಾತ್ರ ಈ ದಿನಗಳಲ್ಲಿ ಕಿಟಕಿ ಹತ್ತಿರ ಕೊಡಲಿಲ್ಲ. ಹೊತ್ತುಕೊಂಡು ಹೋಗೋ ಅಂಥದ್ದನ್ನು ಫೆರೆಟ್ ಬಚ್ಚಿಡುತ್ತೆ, ಬಚ್ಚಿಟ್ಟದ್ದನ್ನು ಕಾಯುತ್ತೆ, ಕಾಯುವಾಗ ಕಚ್ಚುತ್ತೆ. ಹಳದಿಯನ್ನು ನೆಕ್ಕಬೇಕಷ್ಟೆ, ಹೊರೋಕಾಗೋದಿಲ್ಲ.

22ನೇ ದಿನ ಹಳದಿ ಮುಗಿದಮೇಲೂ ಬೆಲ್ಲ ಅಲ್ಲೇ ಉಳಿದ. ಕಿಟಕಿಗೆ ಬೆನ್ನು ತಾಗಿಸಿ ಉದ್ದಕ್ಕೆ ಮಲಗಿದ. ಅವಳು ಆ ಕಡೆ, 50 ಮಿಲಿಮೀಟರ್ ಆಚೆ, ಸುತ್ತಿಕೊಂಡಳು. ನಾನು ದೀಪ ಆರಿಸಿ ಮೆತ್ತಗೆ ಹೊರಗೆ ಬಂದೆ.

ಅವತ್ತಿಂದ ದಿನಕ್ಕೆ ಎರಡು ತಾಸು ಅವರ ಅರ್ಧಗಳನ್ನೇ ಅದಲು ಬದಲು ಮಾಡಿದೆ. ಅವನ ಜಾಗದಲ್ಲಿ ಅವಳು, ಅವಳ ಜಾಗದಲ್ಲಿ ಅವನು. ಆ ಹೊತ್ತಿನಲ್ಲಿ ಬಟ್ಟೆ, ಟ್ರೇ ಏನನ್ನೂ ತೊಳೆಯಲಿಲ್ಲ. 25ನೇ ದಿನ ಬೆಳಿಗ್ಗೆ ನೋಡಿದರೆ, ಚಕ್ಕುಲಿಯ ನೀಲಿ ಬಟ್ಟೆಯನ್ನು ಬೆಲ್ಲ ತನ್ನ ಮಲಗೋ ಪೆಟ್ಟಿಗೆಯ ಒಳಗೆ ಎಳೆದಿಟ್ಟುಕೊಂಡಿದ್ದ. ಹದಿನೈದನೇ ದಿನ ಟ್ರೇ ಪಕ್ಕ ಬಿಸಾಕಿದ್ದ ಅದೇ ಬಟ್ಟೆ. ನಾನು ಕ್ಯಾಲೆಂಡರ್‌ನಲ್ಲಿ 21ನೇ ದಿನಕ್ಕೆ 'ಭೇಟಿ' ಅಂತ ಬರೆದಿದ್ದೆ. ಅದನ್ನು ಹೊಡೆದುಹಾಕಿ ನಾಳೆಗೆ ಬರೆದೆ.

ದಿನ 26: ಬಚ್ಚಲಲ್ಲಿ ಭೇಟಿ

ಭೇಟಿಗೆ ಯಾರದೂ ಅಲ್ಲದ ಜಾಗ ಬೇಕು. ಮೇಲಿನ ಬಚ್ಚಲುಮನೆಗೆ ಬೆಲ್ಲ ಒಂದು ಸಲವೂ ಹೋಗಿರಲಿಲ್ಲ. ಕಮೋಡಿನ ಮುಚ್ಚಳ ಹಾಕಿದೆ, ನೆಲಕ್ಕೆ ಹಳೇ ಟವೆಲ್ ಹಾಸಿದೆ, ಪೈಪಿನ ಸುರಂಗ ಒಂದು, ರಟ್ಟಿನ ಪೆಟ್ಟಿಗೆ ಒಂದು. ಪೆಟ್ಟಿಗೆಗೆ ಚಕ್ಕುಲಿ ಮಾತ್ರ ತೂರುವಷ್ಟು ಎರಡು ತೂತು. ಇದಕ್ಕೆ ಅಳತೆ ನಿಮ್ಮ ನಿಮ್ಮ ಪ್ರಾಣಿಯೇ. ರಟ್ಟಿನಲ್ಲೇ ಮಾಡಿ, ಯಾರಾದರೂ ಸಿಕ್ಕಿಕೊಂಡರೆ ಕೈಯಲ್ಲಿ ಹರಿಯೋಕಾಗಬೇಕು. ಇಬ್ಬರ ಹೊಟ್ಟೆಯೂ ತುಂಬಿತ್ತು, ನಿದ್ದೆಯೂ ಆಗಿತ್ತು. ನನ್ನ ಕೈಗೆ ದಪ್ಪ ಚರ್ಮದ ಗ್ಲೌಸು, ಮಡಿಲಲ್ಲಿ ಒಂದು ದೊಡ್ಡ ಟವೆಲ್, ಪಕ್ಕದಲ್ಲಿ ಸಾಲ್ಮನ್ ಎಣ್ಣೆಯ ಬಾಟಲಿ.

ಇಬ್ಬರ ಕತ್ತಿನ ಹಿಂದೆಯೂ ಎರಡೆರಡು ಹನಿ ಎಣ್ಣೆ ಸವರಿ ಬಿಟ್ಟೆ. ಬೆಲ್ಲ ಮೊದಲು ಹಿಂಭಾಗ ಮೂಸಿದ, ಆಮೇಲೆ ಕಿವಿ, ಆಮೇಲೆ ಕತ್ತಿನ ಎಣ್ಣೆ ನೆಕ್ಕಿದ. ನಾಲ್ಕು ಸಲ ನೆಕ್ಕಿದ. ಐದನೇ ಸಲಕ್ಕೆ ಅದೇ ಕತ್ತಿನ ಚರ್ಮವನ್ನು ಬಾಯಲ್ಲಿ ಹಿಡಿದು ಎಳೆಯೋಕೆ ಶುರು ಮಾಡಿದ.

ಇಲ್ಲೇ ಮನುಷ್ಯರ ಕೈ ನಡುಗೋದು. ನೋಡೋಕೆ ಕೊಲ್ಲುತ್ತಿದ್ದಾನೆ ಅನ್ನಿಸುತ್ತೆ. ಆದರೆ ಫೆರೆಟ್‌ನ ಕತ್ತಿನ ಚರ್ಮ ದಪ್ಪ, ಸಡಿಲ. ತಾಯಿ ಮರಿಗಳನ್ನು ಎತ್ತೋದೂ ಅಲ್ಲೇ ಹಿಡಿದು. 'ಇಲ್ಲಿ ದೊಡ್ಡವನು ನಾನು' ಅಂತ ಹೇಳೋ ರೀತಿ ಅದು. ನಾನು ಮನಸ್ಸಲ್ಲಿ ಎಣಿಸಿದೆ. ಚಕ್ಕುಲಿ ಎರಡು ಸಲ ಕೀಚ್ ಅಂದಳು, ಮೈ ಸಡಿಲ ಬಿಟ್ಟಳು. ಹನ್ನೊಂದಕ್ಕೆ ಅವನು ಬಿಟ್ಟ. ಅವಳು ಎದ್ದು, ಮೈ ಕೊಡವಿ, ಅವನಿಗೇ ಎದುರು ನಿಂತು ಬೆನ್ನು ಕಮಾನು ಮಾಡಿ ಪಕ್ಕಕ್ಕೆ ಪಕ್ಕಕ್ಕೆ ಜಿಗಿದಳು. ಬಾಯಿ ತೆರೆದಿತ್ತು, ಗಂಟಲಿನಿಂದ ಡುಕ್ ಡುಕ್ ಡುಕ್ ಅನ್ನೋ ಸದ್ದು. ಅದು ಆಟದ ಸದ್ದು. ಜೂನ್‌ನಿಂದ ಈ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ.

ಯಾವಾಗ ಕೈ ಹಾಕಬೇಕು? ರಕ್ತ ಕಂಡರೆ. ಕಿರುಚು ನಿಲ್ಲದೇ ಒಂದೇ ಸಮನೆ ಬಂದರೆ. ಹಿಡಿದವನು ತಲೆ ಒದರಿ ಒದರಿ ಅಲ್ಲಾಡಿಸಿದರೆ. ಸಿಕ್ಕವಳು ಭಯಕ್ಕೆ ಹೇತುಕೊಂಡರೆ. ಬಾಲ ಬ್ರಷ್ ಆಗೋದನ್ನು ಮಾತ್ರ ಲೆಕ್ಕಕ್ಕೆ ಇಡಬೇಡಿ, ಖುಷಿಯಾದರೂ ಹಾಗೇ ಆಗುತ್ತೆ. ಬಿಡಿಸುವಾಗ ಎಳೆದರೆ ಚರ್ಮ ಹರಿಯುತ್ತೆ. ಟವೆಲ್ ಮುಚ್ಚಿ ಇಬ್ಬರನ್ನೂ ಒಟ್ಟಿಗೇ ಹಿಡಿದು, ಕಚ್ಚಿದವನ ಮೂಗಿಗೆ ಎಣ್ಣೆ ಹಚ್ಚಿ. ನೆಕ್ಕೋಕೆ ಬಾಯಿ ಬಿಡಲೇಬೇಕು.

ಹತ್ತು ನಿಮಿಷಕ್ಕೆ ಭೇಟಿ ಮುಗಿಸಿದೆ. ಚೆನ್ನಾಗಿ ನಡೀತಿರುವಾಗಲೇ ಮುಗಿಸೋದು.

ದಿನ 27: ಟಬ್ಬಿನ ಹಿಂದೆ

ಎರಡನೇ ಭೇಟಿಯಲ್ಲಿ ಬೆಲ್ಲ ಅಟ್ಟಿಸಿಕೊಂಡು ಹೋದ, ಚಕ್ಕುಲಿ ಮಾಯ. ಸ್ನಾನದ ಟಬ್ಬಿನ ಪಕ್ಕಕ್ಕೆ ಹಾಕಿರೋ ಹಲಗೆ ಇದೆಯಲ್ಲ, ಅದರ ಕೆಳಗೆ ಗೋಡೆಯ ಕಡೆ ಸಂದು ಇತ್ತು. ಮೊಣಕಾಲೂರಿ ನೋಡದೆ ಕಾಣೋದಿಲ್ಲ. ಒಳಗೆ ಪೈಪುಗಳು, ಅಲ್ಲಿಂದ ನೆಲದ ಹಲಗೆಗಳ ಕೆಳಕ್ಕೆ ದಾರಿ. ನನ್ನ ಎದೆ ಒಡೆದುಹೋಯಿತು.

ಬೆಲ್ಲನನ್ನು ಇವರ ಕೈಗೆ ಕೊಟ್ಟೆ. ಹಲಗೆ ಬಿಚ್ಚೋಕೆ ಹೋಗಲಿಲ್ಲ. ಸದ್ದಿಗೆ ಹೆದರಿ ಇನ್ನೂ ಒಳಗೆ ಹೋದರೆ? ಸಂದಿನ ಎದುರು ಅವಳ ನೀಲಿ ಬಟ್ಟೆ ಇಟ್ಟು, ಅದರ ಮೇಲೆ ಎಣ್ಣೆ ಹಾಕಿ, ದೀಪ ಆರಿಸಿ ಕೂತೆ. ಒಂದೂವರೆ ಗಂಟೆ. ಮೊದಲು ಮೀಸೆ ಕಂಡಿತು, ಆಮೇಲೆ ಮೂಗು. ಪೂರ್ತಿ ಹೊರಗೆ ಬಂದು ನೆಕ್ಕೋ ತನಕ ನಾನು ಉಸಿರೂ ಜೋರಾಗಿ ಬಿಡಲಿಲ್ಲ.

ಅವತ್ತೇ ಉಳಿದಿದ್ದ ಪ್ಲೈವುಡ್‌ನಿಂದ 8 ಸೆಂಟಿಮೀಟರ್ ಅಗಲದ ಪಟ್ಟಿ ಕೊಯ್ದು, ಹಲಗೆಯ ಬುಡದ ಉದ್ದಕ್ಕೂ ಹೊಡೆದೆ. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ. ಆಮೇಲೆ ಮಗಳು ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಇಟ್ಟು ಇಡೀ ರೂಮು ಸುತ್ತಿದಳು. ವಾಷ್‌ಬೇಸಿನ್ ಹಿಂದೆ ಇನ್ನೊಂದು ತೂತು ಕಂಡುಹಿಡಿದಿದ್ದು ಅವಳೇ.

ದಿನ 28ರಿಂದ 40

ದಿನಾ ಭೇಟಿ. ಹತ್ತು ನಿಮಿಷ, ಹದಿನೈದು, ಅರ್ಧ ಗಂಟೆ. 31ನೇ ದಿನ ಕೆಟ್ಟದಾಯಿತು. ಪೆಟ್ಟಿಗೆಯ ಹಿಂದೆ ಮೂಲೆಯಲ್ಲಿ ಬೆಲ್ಲ ಅವಳನ್ನು ಸಿಕ್ಕಿಸಿಕೊಂಡ, ಅವಳ ಕಿರುಚು ನಿಲ್ಲಲಿಲ್ಲ, ಟವೆಲ್ ಒದ್ದೆಯಾಗಿತ್ತು. ಬಿಡಿಸಿದೆ. ಗಾಯ ಆಗಿರಲಿಲ್ಲ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಟ್ಟಿದ್ದೆ, ಹಿಂದೆ ಹೊರಹೋಗೋಕೆ ದಾರಿ ಇರಲಿಲ್ಲ. ಅಜ್ಜ ಸುರಂಗಕ್ಕೆ ಹೇಳಿದ್ದು ಮೂಲೆಗೂ ಅನ್ವಯಿಸುತ್ತೆ ಅಂತ ಆಗ ಹೊಳೆಯಿತು. ಮೂರು ದಿನ ಭೇಟಿ ನಿಲ್ಲಿಸಿ ಮತ್ತೆ ಜಾಲರಿ ಕಿಟಕಿ, ಮತ್ತೆ ಮೊಟ್ಟೆಯ ಹಳದಿ. ಅಮ್ಮ ಫೋನಿನಲ್ಲಿ "ಬುಟ್ಟಿ ಇದೆಯಲ್ಲ, ಮುಚ್ಚಿಡು. ಅದಕ್ಯಾಕೆ ಅಳ್ತೀಯ" ಅಂದರು. ನಾನು ನಿಜಕ್ಕೂ ಅಳ್ತಿದ್ದೆ.

35ರಿಂದ ಮತ್ತೆ ಶುರು. ಪೆಟ್ಟಿಗೆ ನಡುಮಧ್ಯೆ, ಸುತ್ತಲೂ ಓಡೋಕೆ ಜಾಗ. ಈಗ ಎಳೆದಾಟ ಸರದಿಯ ಮೇಲೆ ನಡೆಯಿತು. ಒಮ್ಮೆ ಅವನು ಅವಳ ಕತ್ತು, ಒಮ್ಮೆ ಅವಳು ಅವನ ಕೆನ್ನೆ. ಅರ್ಧ ತೂಕದವಳು ಅವನ ಬೆನ್ನ ಮೇಲೆ ಹತ್ತಿ ಕಿವಿ ಎಳೆದಾಗ ಬೆಲ್ಲ ಬೇಕಂತಲೇ ಅಡ್ಡ ಬಿದ್ದ. 37ನೇ ದಿನ ಗೋಡೆಯ ಕಿಂಡಿ ಬಾಗಿಲು ತೆಗೆದು ರೂಮಿನಲ್ಲೇ ಸೇರಿಸಿದೆ. ಅದಕ್ಕೂ ಮೊದಲು ಅವನ ಅರ್ಧವನ್ನು ಪೂರ್ತಿ ತೊಳೆದು, ಪೆಟ್ಟಿಗೆ, ಉಯ್ಯಾಲೆ, ಟ್ರೇ ಎಲ್ಲದರ ಜಾಗ ಬದಲಾಯಿಸಿದೆ. ಬಟ್ಟಲು ಎರಡು, ನೀರು ಎರಡು, ಟ್ರೇ ಮೂರು. ರಾತ್ರಿ ಮಾತ್ರ ಎರಡೂ ಚಿಲಕ ಹಾಕುತ್ತಿದ್ದೆ.

ದಿನ 41, 43, 45

41ನೇ ದಿನ ಸಂಜೆ ಬಾಗಿಲು ತೆರೆದಾಗ ಇಬ್ಬರೂ ಕಾಣಲಿಲ್ಲ. ಪೈಪಿನಲ್ಲಿಲ್ಲ, ಪೆಟ್ಟಿಗೆಯಲ್ಲಿಲ್ಲ. ತಲೆ ಎತ್ತಿದರೆ ಬೆಲ್ಲನ ಉಯ್ಯಾಲೆಯ ಬಟ್ಟೆ ಕೆಳಕ್ಕೆ ಜೋತುಬಿದ್ದಿತ್ತು. ಅಂಚಿನಿಂದ ಒಂದು ಬೆಲ್ಲದ ಬಣ್ಣದ ಬಾಲ, ಅದರ ಪಕ್ಕ ಒಂದು ತೆಳು ಕಪ್ಪು ಬಾಲ. ಮೆತ್ತಗೆ ಬಟ್ಟೆ ಸರಿಸಿದೆ. ಅವಳು ಸುತ್ತಿಕೊಂಡಿದ್ದಳು, ಅವನ ಗಲ್ಲ ಅವಳ ಸುತ್ತಿನ ನಡುವೆ ಇತ್ತು. ಗಾಢ ನಿದ್ದೆ. ಫೆರೆಟ್‌ಗಳು ದಿನಕ್ಕೆ ಹದಿನಾಲ್ಕು ತಾಸಿಗೂ ಜಾಸ್ತಿ ಮಲಗುತ್ತವೆ, ಎತ್ತಿದರೂ ಏಳೋದಿಲ್ಲ. ಅವರನ್ನು ಎಬ್ಬಿಸಿ ಬೇರೆ ಮಾಡೋ ಮನಸ್ಸು ಬರಲಿಲ್ಲ. ಆ ರಾತ್ರಿ ನಾನು ಅದೇ ರೂಮಿನ ನೆಲದಲ್ಲಿ ಚಾಪೆ ಹಾಸಿಕೊಂಡೆ.

43ನೇ ದಿನ ಗೋಡೆ ಬಿಚ್ಚಿದೆ. ಸ್ಕ್ರೂಗಳನ್ನೆಲ್ಲ ಡಬ್ಬಿಗೆ ಹಾಕಿ, ಚೌಕಟ್ಟನ್ನು ಹಾಗೇ ಶೆಡ್ಡಿನಲ್ಲಿ ನಿಲ್ಲಿಸಿದ್ದೇನೆ. ಇಬ್ಬರಲ್ಲಿ ಯಾರಿಗಾದರೂ ಕಾಯಿಲೆ ಬಂದು ಬೇರೆ ಇಡಬೇಕಾದರೆ ಅರ್ಧ ಗಂಟೆಯಲ್ಲಿ ಕೂರಿಸಬಹುದು. ಬೆಲ್ಲನ ತೂಕ ಅವತ್ತು 1.55 ಕಿಲೋ.

45ನೇ ದಿನ ಬೆಳಗಿನ ಜಾವ ಧಡ್ ಅನ್ನೋ ಸದ್ದು. ಉಯ್ಯಾಲೆಯ ಒಂದು ಮೂಲೆಯ ಹೊಲಿಗೆ ಬಿಟ್ಟು ಇಬ್ಬರೂ ಕೆಳಗಿನ ದಿಂಬಿನ ಮೇಲೆ ಬಿದ್ದಿದ್ದರು. ಅದು ಒಬ್ಬನಿಗೆ ಅಂತ ಹೊಲಿದದ್ದು, ಈಗ 2.3 ಕಿಲೋ ಹೊರುತ್ತಿತ್ತು. ಹಳೇ ಜೀನ್ಸ್ ಬಟ್ಟೆಯನ್ನು ನಾಲ್ಕೂ ಮೂಲೆಗೆ ಎರಡು ಪದರ ಇಟ್ಟು, ದಪ್ಪ ದಾರದಲ್ಲಿ ಚೌಕ ಹೊಲಿಗೆ ಹಾಕಿ, ಚಿಕ್ಕ ಕೊಕ್ಕೆಗಳ ಬದಲು ಸ್ಕ್ರೂ ಇರೋ ಸ್ಟೀಲ್ ಕೊಂಡಿ ಹಾಕಿದೆ. ಚಕ್ಕುಲಿಗೆ ಅಂತ ಬೇರೆಯೇ ಒಂದು ಉಯ್ಯಾಲೆ ಹೊಲಿದು ಪಕ್ಕದಲ್ಲೇ ತೂಗುಹಾಕಿದ್ದೇನೆ. ಮೂರು ವಾರ ಆಯಿತು, ಅದರಲ್ಲಿ ಇನ್ನೂ ಯಾರೂ ಮಲಗಿಲ್ಲ.